ಹಳೇ ಸ್ವೆಟರ್‌ಗೆ ಕತ್ತರಿ ಹಾಕುವ ಮೊದಲು

ಚಳಿ ಶುರುವಾಯಿತು ಎಂದರೆ ನನಗೆ ಬರುವ ಪ್ರಶ್ನೆ ಒಂದೇ. "ಮನೇಲಿ ಹಳೇ ಸ್ವೆಟರ್ ಇದೆ. ಕತ್ತರಿಸಿ ಮಗುವಿಗೆ ಏನಾದರೂ ಹೊಲಿಯಬಹುದಾ? ಕತ್ತರಿ ಹಾಕಿದರೆ ಪೂರ್ತಿ ಬಿಚ್ಚಿಕೊಳ್ಳಲ್ವಾ?" ಚಿಕ್ಕಬಳ್ಳಾಪುರದ ನಮ್ಮ ಬೀದಿಯಲ್ಲೂ ಕೇಳುತ್ತಾರೆ, ಚಿಂತಾಮಣಿ, ಮಾಲೂರಿನಿಂದ ಫೋನ್ ಮಾಡಿಯೂ ಕೇಳುತ್ತಾರೆ. ನಂದಿ ಬೆಟ್ಟದ ಬುಡದಲ್ಲಿ ಇರುವವರಿಗೆ ಸ್ವೆಟರ್ ಬೇಡ ಎನ್ನುವ ಹಾಗಿಲ್ಲ. ಧನುರ್ಮಾಸದಲ್ಲಿ ನಸುಕಿಗೇ ಗುಡಿಗೆ ಹೋಗುವವರು, ಡೈರಿಗೆ ಹಾಲು ಹಾಕುವವರು, ಹೂವು ಕೊಯ್ಯುವವರು, ಎಲ್ಲರಿಗೂ ಬೇಕು. ಆದರೆ ಬೇಕಾಗುವುದು ವರ್ಷಕ್ಕೆ ಎರಡೂವರೆ ತಿಂಗಳು. ಮಕ್ಕಳಿಗಂತೂ ಹೋದ ವರ್ಷದ್ದು ಈ ವರ್ಷ ಹಿಡಿಸುವುದಿಲ್ಲ. ಟ್ರಂಕಿನಲ್ಲಿ ರಾಶಿ ಬೀಳುವುದು ಹಾಗೇ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮೊದಲು ಕತ್ತರಿಸಿ ಆಮೇಲೆ ಹೊಲಿದರೆ ಬಿಚ್ಚಿಕೊಳ್ಳುತ್ತದೆ. ಮೊದಲು ಹೊಲಿದು ಆಮೇಲೆ ಕತ್ತರಿಸಿದರೆ ಬಿಚ್ಚಿಕೊಳ್ಳುವುದಿಲ್ಲ. ಸೀರೆ, ಪ್ಯಾಂಟು ಹೊಲಿದು ಅಭ್ಯಾಸ ಇರುವವರಿಗೆ ಇದು ಉಲ್ಟಾ ಅನಿಸುತ್ತದೆ. ಆದರೆ ಸ್ವೆಟರ್ ನೇಯ್ದ ಬಟ್ಟೆ ಅಲ್ಲ, ಹೆಣೆದದ್ದು. ಒಂದು ಕುಣಿಕೆಯೊಳಗೆ ಇನ್ನೊಂದು ಕುಣಿಕೆ ಸಿಕ್ಕಿಕೊಂಡು ನಿಂತಿರುತ್ತದೆ. ಒಂದನ್ನು ಕತ್ತರಿಸಿದರೆ ಅದನ್ನು ನಂಬಿಕೊಂಡಿದ್ದದ್ದು ಜಾರುತ್ತದೆ. ಅದು ಏಣಿಯ ಮೆಟ್ಟಿಲ ಹಾಗೆ ಗೆರೆ ಬಿಟ್ಟುಕೊಂಡು ಹೋಗುತ್ತದೆ. ಇದನ್ನೇ "ಏಣಿ ಬೀಳುವುದು" ಎನ್ನುತ್ತೇನೆ, ಮುಂದೆಯೂ ಈ ಮಾತು ಬರುತ್ತದೆ.

ಇನ್ನೊಂದು ಮಾತು: ರಿಬ್ಬನ್ನು ಉಳಿಸಿಕೊಳ್ಳಿ. ರಿಬ್ ಎಂದರೆ ಸ್ವೆಟರ್‌ನ ಕೆಳ ಅಂಚು, ಮಣಿಕಟ್ಟು, ಕತ್ತಿನಲ್ಲಿ ಗೀರು ಗೀರಾಗಿ ಇರುವ ಪಟ್ಟಿ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಅದು ಕಾರ್ಖಾನೆಯವರು ನಮಗಾಗಿ ಮುಗಿಸಿಕೊಟ್ಟ ಅಂಚು. ಮನೆಯ ಮಿಷನ್ನಿನಲ್ಲಿ ಅಷ್ಟು ಚೆನ್ನಾದ ಅಂಚು ಬರುವುದಿಲ್ಲ. ಹಾಗಾಗಿ ಹೊಸ ಉಡುಪಿನ ಅಂಚು ಹಳೇ ಸ್ವೆಟರ್‌ನ ರಿಬ್ ಮೇಲೇ ಬರುವ ಹಾಗೆ ಇಟ್ಟು ಕತ್ತರಿಸಬೇಕು. ತೋಳು ಉದ್ದ ಇದೆ ಎಂದು ಮಣಿಕಟ್ಟಿನ ಕಡೆ ಕತ್ತರಿಸಿದರೆ ಅರ್ಧ ಕೆಲಸ ನಾವೇ ಕೆಡಿಸಿಕೊಂಡ ಹಾಗೆ. ಕತ್ತರಿಸುವುದಿದ್ದರೆ ಭುಜದ ಕಡೆ ಕತ್ತರಿಸಿ.

ಈ ಲೇಖನದಲ್ಲಿ ಎರಡು ಕೆಲಸ ವಿವರವಾಗಿ ಹೇಳುತ್ತೇನೆ. ಒಂದು, ಗಂಡಸರ ಒಂದು ಸ್ವೆಟರ್‌ನಿಂದ ಚಿಕ್ಕ ಮಗುವಿಗೆ ಪ್ಯಾಂಟು ಮತ್ತು ತೋಳಿಲ್ಲದ ಸ್ವೆಟರ್. ಇನ್ನೊಂದು, ತಲೆ ಮೇಲಿಂದ ಹಾಕುವ ಸ್ವೆಟರನ್ನು ಅಜ್ಜಿಯರು ಸೀರೆ ಮೇಲೆ ಹಾಕುವ ಹಾಗೆ ಮುಂದೆ ತೆರೆಯುವಂತೆ ಮಾಡುವುದು. ಜಾಸ್ತಿ ಜನ ಕೇಳುವುದೂ ಇವೆರಡನ್ನೇ.

ಬೇಕಾಗುವ ಸಾಮಾನು

ಹೊಲಿಗೆ ಮಿಷನ್ನು, ಜಿಗ್‌ಜಾಗ್ ಇರುವುದಾದರೆ ಒಳ್ಳೆಯದು. ಜಿಗ್‌ಜಾಗ್ ಎಂದರೆ ಅಂಕುಡೊಂಕಾಗಿ ಬೀಳುವ ಹೊಲಿಗೆ. ಇದು ಬಟ್ಟೆಯ ಜೊತೆ ಹಿಗ್ಗುತ್ತದೆ. ನೇರ ಹೊಲಿಗೆಯ ಕರೀ ಕಾಲು ಮಿಷನ್ ಮಾತ್ರ ಇದ್ದರೂ ಗಾಬರಿ ಬೇಡ, ದಾರಿ ಇದೆ. 14ನೇ ನಂಬರಿನ ಬಾಲ್‌ಪಾಯಿಂಟ್ ಸೂಜಿ ತನ್ನಿ. ಇದರ ಮೊನೆ ಸ್ವಲ್ಪ ಗುಂಡಗಿರುತ್ತದೆ, ನೂಲನ್ನು ಚುಚ್ಚಿ ಹರಿಯದೆ ಪಕ್ಕಕ್ಕೆ ಸರಿಸಿ ಇಳಿಯುತ್ತದೆ. ಅಂಗಡಿಗೆ ಹೋಗುವಾಗ ನಿಮ್ಮ ಮಿಷನ್ನಿನ ಹಳೇ ಸೂಜಿ ಜೊತೆಗಿರಲಿ. ಕೆಲವು ಮಿಷನ್ನಿಗೆ ಸೂಜಿಯ ತಲೆ ಒಂದು ಕಡೆ ಚಪ್ಪಟೆ ಇರಬೇಕು, ಕೆಲವಕ್ಕೆ ಗುಂಡಗೆ. ಬೇರೆ ತಂದರೆ ಕೂರುವುದೇ ಇಲ್ಲ.

ದಾರ ಪಾಲಿಯೆಸ್ಟರ್ ಇರಲಿ. ಹತ್ತಿ ದಾರ ಹಿಗ್ಗುವುದಿಲ್ಲ, ಸ್ವೆಟರ್ ಎಳೆದಾಗ ಪಟ್ ಎಂದು ತುಂಡಾಗುತ್ತದೆ. ಇದರ ಜೊತೆ ಟೇಪು, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸು, ಗುಂಡುಪಿನ್ನು, ಹೊಲಿಗೆ ಬಿಚ್ಚಲು ಚಿಕ್ಕ ಕತ್ತರಿ, ಪ್ಯಾಂಟಿಗೆ 1 ಇಂಚು ಅಗಲದ ಎಲಾಸ್ಟಿಕ್ ಬೇಕು. ಬಣ್ಣ ಹೊಂದುವ ಒಂದು ಸೀರೆ ಫಾಲ್ ಕೂಡ ತನ್ನಿ. ಹೌದು, ಫಾಲ್ ಬಟ್ಟೆಯೇ. ಸ್ವೆಟರ್ ಕೆಲಸಕ್ಕೆ ಅದರಷ್ಟು ಅಗ್ಗದ, ತೆಳುವಾದ, ಎಲ್ಲ ಬಣ್ಣದಲ್ಲೂ ಸಿಗುವ ಪಟ್ಟಿ ಇನ್ನೊಂದಿಲ್ಲ. ಬಳಸುವ ಮೊದಲು ನೀರಲ್ಲಿ ನೆನೆಸಿ ಒಣಗಿಸಿಕೊಳ್ಳಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಸ್ವೆಟರನ್ನು ಸುಕ್ಕು ಹಿಡಿಸುತ್ತದೆ. ಸೀರೆಗೆ ಫಾಲ್ ಹಚ್ಚುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

1. ಸ್ವೆಟರ್ ಆರಿಸುವುದು

ಮೊದಲು ಮನೆಯ ಟ್ರಂಕು, ಆಮೇಲೆ ನೆಂಟರ ಟ್ರಂಕು. ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವ ಹಳೇ ಬಟ್ಟೆಯಲ್ಲೂ ಸಿಗುತ್ತವೆ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಗೆ ಬಂದಾಗ ಅವರ ಗಂಟಿನಿಂದಲೇ ಒಂದೆರಡು ಕೊಳ್ಳಬಹುದು. ಕೇಳಿದರೆ ನಗುತ್ತಾರೆ, ಆದರೆ ಕೊಡುತ್ತಾರೆ. ನನ್ನ ಮೆಚ್ಚಿನದು ಮಾತ್ರ ಶಾಲೆಯ ಯೂನಿಫಾರ್ಮ್ ಸ್ವೆಟರ್. ಕಡು ನೀಲಿ, ಮೆರೂನ್, ಬೂದಿ ಬಣ್ಣದ ಇವು ಎಲ್ಲ ಮನೆಯಲ್ಲೂ ಬಿದ್ದಿರುತ್ತವೆ. ಹೆಣಿಗೆ ಒತ್ತಾಗಿರುತ್ತದೆ, ಒಂದೇ ಬಣ್ಣದ್ದು ನಾಲ್ಕೈದು ಕೂಡಿಸುವುದೂ ಸುಲಭ.

ಆರಿಸುವಾಗ ಬೆಳಕಿಗೆ ಹಿಡಿದು ನೋಡಿ. ಮೊಣಕೈ, ಕಂಕುಳು ತೆಳುವಾಗಿದೆಯಾ? ಅಲ್ಲಿ ಹೊಲಿಗೆ ನಿಲ್ಲುವುದಿಲ್ಲ, ಆ ಭಾಗ ಬಿಟ್ಟು ಲೆಕ್ಕ ಹಾಕಿ. ಸಣ್ಣ ಸಣ್ಣ ತೂತು ಅಲ್ಲಲ್ಲಿ ಇದ್ದರೆ ನುಸಿ ತಿಂದಿದೆ ಎಂದರ್ಥ. ಅದನ್ನು ಮನೆಗೆ ತರಬೇಡಿ, ಟ್ರಂಕಿನ ರೇಷ್ಮೆ ಸೀರೆಗೂ ಹತ್ತಿಕೊಳ್ಳಬಹುದು. ರಿಬ್ಬನ್ನು ಎಳೆದು ಬಿಡಿ. ವಾಪಸ್ ಕುಗ್ಗದೆ ಜೋತುಬಿದ್ದರೆ ಅದರ ಜೀವ ಮುಗಿದಿದೆ. ಮೈಮೇಲೆ ಎದ್ದ ಸಣ್ಣ ಸಣ್ಣ ಗುಂಡುಗಳು ಮಾತ್ರ ದೋಷವಲ್ಲ. ಬಟ್ಟೆಯನ್ನು ಬಿಗಿಯಾಗಿ ಹಿಡಿದು ಹಳೇ ರೇಜರ್‌ನಿಂದ ಹಗುರವಾಗಿ ಎಳೆದರೆ ಹೋಗುತ್ತವೆ.

ಕೈಯಲ್ಲಿ ಸಡಿಲವಾಗಿ ಹೆಣೆದ, ಜಾಲರಿ ವಿನ್ಯಾಸದ ಸ್ವೆಟರ್ ಮೊದಲ ಸಲಕ್ಕೆ ಬೇಡ. ಏಣಿ ಬೀಳುವುದರಲ್ಲಿ ಅವೇ ಮುಂದು.

2. ಉಣ್ಣೆಯೋ ಅಕ್ರಿಲಿಕ್ಕೋ?

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಒಗೆಯುವುದು, ಇಸ್ತ್ರಿ ಮಾಡುವುದು, ಯಾವುದರ ಜೊತೆ ಯಾವುದನ್ನು ಜೋಡಿಸುವುದು, ಎಲ್ಲ ಇದರ ಮೇಲೇ ನಿಂತಿದೆ. ನಮ್ಮ ಕಡೆ ಸಿಗುವುದರಲ್ಲಿ ಜಾಸ್ತಿ ಅಕ್ರಿಲಿಕ್. ಅಂದರೆ ಉಣ್ಣೆಯ ಹಾಗೆ ಕಾಣುವ, ಪ್ಲಾಸ್ಟಿಕ್ ಜಾತಿಯ ನೂಲು. ಬೆಚ್ಚಗಿರುತ್ತದೆ, ಬಾಳಿಕೆ ಬರುತ್ತದೆ, ಅಗ್ಗ. ಬೈಯುವಂಥದ್ದೇನಲ್ಲ.

ಒಳಗಿನ ಚೀಟಿ ಇದ್ದರೆ ಓದಿ. ನೂಲಿನ ಉಂಡೆಯನ್ನು ತಿರುಚಿ ಸುತ್ತಿದ ಹಾಗೆ ಗೆರೆಗಳಿರುವ ಗುರುತು ಇದ್ದರೆ ಅದು ವುಲ್‌ಮಾರ್ಕ್. 1964ರಿಂದ ಬಳಕೆಯಲ್ಲಿದೆ. ಬರೀ ಆ ಗುರುತೇ ಇದ್ದರೆ ಪೂರ್ತಿ ಉಣ್ಣೆ ಎಂದು. ಬ್ಲೆಂಡ್ ಎಂದು ಸೇರಿಸಿ ಬರೆದಿದ್ದರೆ ಬೆರಕೆ.

ಚೀಟಿ ಇಲ್ಲದಿದ್ದರೆ ಸುಟ್ಟು ನೋಡಿ. ಒಳಗಿನ ಹೊಲಿಗೆಯಿಂದ ಎರಡು ಇಂಚು ನೂಲು ಎಳೆದುಕೊಳ್ಳಿ. ಸೆರಗು, ದುಪಟ್ಟಾ ಸಿಕ್ಕಿಸಿಕೊಳ್ಳಿ. ಕೆಳಗೆ ನೀರು ಹಾಕಿದ ತಟ್ಟೆ ಇಟ್ಟು, ನೂಲನ್ನು ಚಿಮಟದಲ್ಲಿ ಹಿಡಿದು ಬೆಂಕಿಗೆ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಬೆಂಕಿಯಿಂದ ಆಚೆ ತೆಗೆದರೆ ತಾನೇ ಆರುತ್ತದೆ. ಉಳಿದ ಕರಿಯನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗುತ್ತಾ ಬೇಗ ಉರಿಯುತ್ತದೆ, ಆಚೆ ತೆಗೆದರೂ ಉರಿಯುತ್ತಲೇ ಇರುತ್ತದೆ, ಆರಿದ ಮೇಲೆ ಗಟ್ಟಿ ಕರೀ ಮಣಿ ಉಳಿಯುತ್ತದೆ. ಆರುವ ಮೊದಲು ಮುಟ್ಟಬೇಡಿ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ. ಕೂದಲ ವಾಸನೆಯೂ ಬಂದು ಮಣಿಯೂ ಉಳಿದರೆ ಬೆರಕೆ ನೂಲು, ಅದನ್ನು ಅಕ್ರಿಲಿಕ್ ಎಂದೇ ಲೆಕ್ಕ ಹಾಕಿ ಹೊಲಿಯಿರಿ.

ಒಂದು ಕಟ್ಟುನಿಟ್ಟು: ಉಣ್ಣೆ ಮತ್ತು ಅಕ್ರಿಲಿಕ್ ಎರಡನ್ನೂ ಒಂದೇ ಉಡುಪಿಗೆ ಜೋಡಿಸಬೇಡಿ. ಒಗೆದಾಗ ಒಂದು ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ. ದಪ್ಪದ್ದನ್ನು ತೆಳುವಿಗೆ ಜೋಡಿಸಿದರೂ ಇದೇ ಗೋಳು, ಹೊಲಿಗೆ ಸೊಟ್ಟಗಾಗುತ್ತದೆ.

3. ಒಗೆಯುವುದು

ಬೇರೆಯವರು ಹಾಕಿದ ಬಟ್ಟೆ, ಒಗೆಯದೆ ಹೊಲಿಗೆ ಮಿಷನ್ನಿಗೆ ಇಡಬೇಡಿ. ಅಕ್ರಿಲಿಕ್ ಆದರೆ ಉಗುರು ಬೆಚ್ಚಗಿನ ನೀರು, ಮಾಮೂಲಿ ಸೋಪಿನ ಪುಡಿ ಸಾಕು. ಉಣ್ಣೆಗೆ ತಣ್ಣೀರು. ಅದಕ್ಕೆ ಅಂಟುವಾಳ ಕಾಯಿ ಒಳ್ಳೆಯದು. ಹತ್ತು-ಹನ್ನೆರಡು ಕಾಯಿಯ ಬೀಜ ತೆಗೆದು ರಾತ್ರಿ ನೆನೆಸಿ, ಬೆಳಗ್ಗೆ ಕಿವುಚಿ ಸೋಸಿದ ನೀರಲ್ಲಿ ಸ್ವೆಟರನ್ನು ಅದ್ದಿ ಅದುಮಿ. ಉಜ್ಜಬೇಡಿ, ಹಿಂಡಬೇಡಿ. ದಪ್ಪ ಟವೆಲ್ಲಿನಲ್ಲಿ ಸುತ್ತಿ ಒತ್ತಿದರೆ ನೀರು ಹೀರಿಕೊಳ್ಳುತ್ತದೆ. ಹಗ್ಗದ ಮೇಲೆ ನೇತು ಹಾಕಿದರೆ ಉದ್ದಕ್ಕೆ ಜಗ್ಗುತ್ತದೆ. ಚಾಪೆ ಮೇಲೆ ಹರಡಿ, ನೆರಳಲ್ಲಿ ಒಣಗಿಸಿ.

ಉಣ್ಣೆಯವರಿಗೆ ಇಲ್ಲಿ ಇನ್ನೊಂದು ದಾರಿ ಇದೆ. ಬೇಕೆಂದೇ ಬಿಸಿನೀರಲ್ಲಿ ಕೆಡಿಸುವುದು! ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪುಗಳಿರುತ್ತವೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿ ಬಿಗಿಯುತ್ತವೆ. ಬಟ್ಟೆ ಕುಗ್ಗಿ, ದಪ್ಪವಾಗಿ, ಕಂಬಳಿಯ ಹಾಗೆ ಆಗುತ್ತದೆ. ಇದನ್ನು ಫೆಲ್ಟ್ ಮಾಡುವುದು ಎನ್ನುತ್ತಾರೆ. ಫೆಲ್ಟ್ ಆದ ಉಣ್ಣೆಯನ್ನು ಎಲ್ಲಿ ಕತ್ತರಿಸಿದರೂ ಏಣಿ ಬೀಳುವುದಿಲ್ಲ. ವಾಷಿಂಗ್ ಮಿಷನ್ನಿನಲ್ಲಿ 60 ಡಿಗ್ರಿಗೆ ಒಂದು ಸುತ್ತು ಬಿಡಿ. ಇಲ್ಲವೇ ಬಕೆಟ್ಟಿನ ಬಿಸಿನೀರಲ್ಲಿ ಕೋಲಿನಿಂದ ಚೆನ್ನಾಗಿ ಕುಟ್ಟಿ. ಮೂರನೇ ಒಂದು ಭಾಗದಷ್ಟು ಕುಗ್ಗುವುದೂ ಉಂಟು, ಮತ್ತೆ ಹಿಂದಕ್ಕೆ ಬರುವುದಿಲ್ಲ. ಅದಕ್ಕೇ ಫೆಲ್ಟ್ ಮಾಡುವುದು ಮೊದಲು, ಅಳತೆ ಆಮೇಲೆ. ಅಕ್ರಿಲಿಕ್‌ಗೆ ಇದು ಆಗುವುದಿಲ್ಲ, ಎಷ್ಟು ಕುದಿಸಿದರೂ. ಚೀಟಿಯಲ್ಲಿ ಸೂಪರ್‌ವಾಶ್ ಎಂದಿರುವ ಉಣ್ಣೆಗೂ ಆಗುವುದಿಲ್ಲ, ಅದರ ಚಿಪ್ಪುಗಳನ್ನು ಮೊದಲೇ ಮಟ್ಟ ಮಾಡಿರುತ್ತಾರೆ.

ಮುಂದಿನದೆಲ್ಲ ಫೆಲ್ಟ್ ಆಗದ ಮಾಮೂಲಿ ಸ್ವೆಟರ್‌ಗೆ ಹೇಳುತ್ತಿರುವುದು.

4. ಬಿಚ್ಚುವುದು

ಒಳಮೈ ತಿರುಗಿಸಿ ಹೊಲಿಗೆ ನೋಡಿ. ಎರಡು ತರಹ ಇರುತ್ತದೆ. ಒಂದು ಸರಪಳಿ ಹೊಲಿಗೆ. ಅಕ್ಕಿ ಮೂಟೆಯ ಬಾಯಿ ಹೊಲಿದಿರುತ್ತಾರಲ್ಲ, ಅದೇ. ಸರಿಯಾದ ತುದಿ ಸಿಕ್ಕಿದರೆ ಒಂದೇ ಎಳೆತಕ್ಕೆ ಸರ್ರನೆ ಬಿಚ್ಚುತ್ತದೆ. ಬಿಚ್ಚದಿದ್ದರೆ ಇನ್ನೊಂದು ತುದಿಯಿಂದ ಎಳೆಯಿರಿ. ಇನ್ನೊಂದು ಓವರ್‌ಲಾಕ್, ಅಂಚನ್ನು ಕತ್ತರಿಸುತ್ತಾ ಸುತ್ತಿ ಸುತ್ತಿ ಹೊಲಿದದ್ದು. ಇದನ್ನು ಬಿಚ್ಚಲು ಕೂತರೆ ದಿನ ಹೋಗುತ್ತದೆ, ಅಂಚೂ ಬಿಚ್ಚಿಕೊಳ್ಳುತ್ತದೆ. ಹೊಲಿಗೆಯ ಪಕ್ಕದಲ್ಲೇ ಕತ್ತರಿಸಿ, ಕಾಲಿಂಚು ಹೋದರೆ ಹೋಗಲಿ.

ಮಗುವಿನ ಉಡುಪಿಗೆ ತೋಳು ಎರಡನ್ನೂ ಭುಜದ ಹೊಲಿಗೆಯಲ್ಲಿ ಬೇರೆ ಮಾಡಿ. ಕತ್ತಿನ ರಿಬ್ಬನ್ನೂ ಜೋಪಾನವಾಗಿ ತೆಗೆದಿಡಿ. ಪಕ್ಕದ ಹೊಲಿಗೆ ಸದ್ಯಕ್ಕೆ ಹಾಗೇ ಇರಲಿ.

5. ಮಿಷನ್ನು ಹದ ಮಾಡುವುದು

ಹತ್ತರಲ್ಲಿ ಎಂಟು ಜನ ಸೋಲುವುದು ಇಲ್ಲೇ ಎಂದು ನನ್ನ ಅನಿಸಿಕೆ. ಸ್ವೆಟರ್ ತುಂಡನ್ನು ನೇರ ಮಿಷನ್ನಿಗೆ ಕೊಟ್ಟು, ಅಂಚು ಹಪ್ಪಳದ ಹಾಗೆ ಅಲೆ ಅಲೆಯಾಗಿ ಎದ್ದಾಗ "ಇದು ನಮ್ಮ ಕೈಲಿ ಆಗಲ್ಲ" ಎಂದು ಬಿಡುತ್ತಾರೆ.

ಅಲೆ ಏಳುವುದು ಏಕೆ ಗೊತ್ತಾ? ಮಿಷನ್ನಿನ ಕಾಲು, ಅಂದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಆ ಲೋಹದ ಪಾದ, ಮೇಲಿನ ಪದರವನ್ನು ಹಿಂದಕ್ಕೆ ತಳ್ಳುತ್ತದೆ. ಕೆಳಗಿನ ಹಲ್ಲು ಬಟ್ಟೆಯನ್ನು ಮುಂದಕ್ಕೆ ಎಳೆಯುತ್ತದೆ. ನಡುವೆ ಸಿಕ್ಕಿದ ಸ್ವೆಟರ್ ಹಿಗ್ಗುತ್ತದೆ. ಹಿಗ್ಗಿದ ಸ್ಥಿತಿಯಲ್ಲೇ ಹೊಲಿಗೆ ಬಿದ್ದು ಹಾಗೇ ನಿಲ್ಲುತ್ತದೆ. ಆದ್ದರಿಂದ ಕಾಲಿನ ಒತ್ತಡ ಕಡಿಮೆ ಮಾಡಿ. ಮಿಷನ್ನಿನ ತಲೆಯ ಮೇಲೆ, ಎಡಗಡೆ, ಕಾಲಿನ ಕಂಬಿಗೆ ನೇರವಾಗಿ ಒಂದು ತಿರುಪು ಇರುತ್ತದೆ. ಅದನ್ನು ಎರಡು ಸುತ್ತು ಸಡಿಲಿಸಿ. ಮೇಲಿನ ದಾರದ ಟೆನ್ಷನ್ನನ್ನೂ, ಅಂದರೆ ಬಿಗಿಯನ್ನೂ, ಒಂದು ಚೂರು ಕಡಿಮೆ ಮಾಡಿ. ಹೊಲಿಗೆಯ ಉದ್ದ 3 ಮಿಲಿಮೀಟರ್, ಜಿಗ್‌ಜಾಗ್ ಅಗಲ ಒಂದೂವರೆ. ಇದು ಜೋಡಿಸುವ ಹೊಲಿಗೆಗೆ. ಅಂಚು ಕಟ್ಟಲು ಅಗಲವನ್ನು 4ಕ್ಕೆ ಏರಿಸಿ.

ನೇರ ಹೊಲಿಗೆಯ ಮಿಷನ್ ಮಾತ್ರ ಇದ್ದರೆ ಸ್ವೆಟರ್ ಕೆಳಗೆ ತೆಳು ಕಾಗದದ ಪಟ್ಟಿ ಇಟ್ಟು ಹೊಲಿಯಿರಿ. ಗಾಳಿಪಟಕ್ಕೆ ಬಳಸುವ ಬಿಳೀ ಕಾಗದ ಸಾಕು. ನ್ಯೂಸ್ ಪೇಪರ್ ಬೇಡ, ಮಸಿ ಹತ್ತುತ್ತದೆ. ಹೊಲಿದ ಮೇಲೆ ಕಾಗದ ಹರಿದು ತೆಗೆಯಿರಿ. ಒಂದು ಸಾಲಿನ ಪಕ್ಕ, ದಾರದಷ್ಟು ಅಂತರದಲ್ಲಿ ಎರಡನೇ ಸಾಲು ಹಾಕಿ. ಹೊಲಿಯುವಾಗ ಬಟ್ಟೆಯನ್ನು ಒಂಚೂರು, ಒಂದೇ ಒಂಚೂರು ಎಳೆದು ಹಿಡಿದರೆ ಹೊಲಿಗೆಗೆ ಹಿಗ್ಗಲು ಜಾಗ ಸಿಗುತ್ತದೆ. ಅಂಚು ಕಟ್ಟಿಸಲು ಪೀಕೋ-ಫಾಲ್ ಮಾಡುವ ಅಂಗಡಿಗೆ ಕೊಡಬಹುದು, ಅವರ ಬಳಿ ಜಿಗ್‌ಜಾಗ್, ಓವರ್‌ಲಾಕ್ ಇರುತ್ತದೆ. ಕೊಡುವಾಗ "ಸ್ವೆಟರ್, ಎಳೀಬೇಡಿ" ಎಂದು ಬಾಯಿಬಿಟ್ಟು ಹೇಳಿ. ಒಮ್ಮೆ ನಾನು ಹೇಳದೆ ಕೊಟ್ಟು, ನೆಟ್ಟಗಿದ್ದ ಅಂಚನ್ನು ಲಂಗದ ಝಾಲರಿನ ಹಾಗೆ ಮಾಡಿಸಿಕೊಂಡು ಬಂದೆ.

ಕೆಲಸಕ್ಕೆ ಬಾರದ ತುಂಡಿನ ಮೇಲೆ ಆರು ಇಂಚು ಹೊಲಿದು, ಎರಡೂ ಕಡೆ ಹಿಡಿದು ಜೋರಾಗಿ ಎಳೆಯಿರಿ. ದಾರ ತುಂಡಾದರೆ ಜಿಗ್‌ಜಾಗ್ ಅಗಲ ಸ್ವಲ್ಪ ಹೆಚ್ಚಿಸಿ. ಅಲೆ ಎದ್ದರೆ ಒತ್ತಡ ಇನ್ನೂ ಇಳಿಸಿ. ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿದ್ದರೆ ಸೂಜಿ ತಪ್ಪಿದೆ ಅಥವಾ ಮೊಂಡಾಗಿದೆ. ಈ ಪರೀಕ್ಷೆ ಪಾಸಾಗುವವರೆಗೆ ನಿಜವಾದ ಬಟ್ಟೆ ಮುಟ್ಟಬೇಡಿ.

6. ಗುರುತು, ಹೊಲಿಗೆ, ಆಮೇಲೆ ಕತ್ತರಿ

ಸ್ವೆಟರ್ ಅಡ್ಡಕ್ಕೆ ಜಾಸ್ತಿ ಹಿಗ್ಗುತ್ತದೆ, ಉದ್ದಕ್ಕೆ ಕಡಿಮೆ. ಹೊಸ ಉಡುಪಿನಲ್ಲೂ ಹಾಗೇ ಇರಬೇಕು. ಕಂಬಿಗಳು, ಅಂದರೆ ಕುಣಿಕೆಗಳು ಒಂದರ ಮೇಲೊಂದು ಕೂತ ಗೆರೆಗಳು, ತಲೆಯಿಂದ ಕಾಲಿಗೆ ನೇರ ಇರುವ ಹಾಗೆ ಇಟ್ಟುಕೊಳ್ಳಿ. ಬಟ್ಟೆ ಮೇಜಿನ ಅಂಚಿಂದ ಜೋತಾಡಬಾರದು, ತೂಕಕ್ಕೇ ಜಗ್ಗಿ ಅಳತೆ ತಪ್ಪುತ್ತದೆ. ನಾನು ನೆಲದ ಮೇಲೇ ಹರಡಿಕೊಳ್ಳುತ್ತೇನೆ.

ಚಾಕ್‌ಪೀಸಿನಲ್ಲಿ ಗೆರೆ ಎಳೆಯಿರಿ. ಹೊಲಿಗೆಗೆ ಸುತ್ತಲೂ ಅರ್ಧ ಇಂಚು ಬಿಟ್ಟ ಗೆರೆ ಅದು. ಆ ಗೆರೆಯ ಒಳಗಡೆ ಮಗ್ಗುಲಲ್ಲೇ, ಒಂದೇ ಪದರದ ಮೇಲೆ ಜಿಗ್‌ಜಾಗ್ ಓಡಿಸಿ. ನೇರ ಮಿಷನ್ ಆದರೆ ಎರಡು ಸಾಲು. ಆಮೇಲೆ ಗೆರೆಯ ಮೇಲೆ ಕತ್ತರಿಸಿ. ಹೊಲಿಗೆಗೆ ಕತ್ತರಿ ತಗುಲಬಾರದು, ತಗುಲಿದ ಕಡೆ ಅಲ್ಲೇ ಮತ್ತೆ ಹೊಲಿದು ಮುಂದೆ ಹೋಗಿ.

7. ಮಗುವಿನ ಪ್ಯಾಂಟು

ತೋಳು ಆಗಲೇ ಅರ್ಧ ಪ್ಯಾಂಟು. ಮಣಿಕಟ್ಟಿನ ರಿಬ್ಬೇ ಕಾಲಿನ ಅಂಚು. ಮಗುವಿನ ಈಗಿನ ಒಂದು ಪ್ಯಾಂಟನ್ನು ಎದುರಿಗಿಟ್ಟುಕೊಳ್ಳಿ, ವಯಸ್ಸು ನೋಡಿ ಅಳತೆ ಹಾಕಬೇಡಿ.

ತೋಳನ್ನು ಒಳಮೈ ತಿರುಗಿಸಿ ಹರಡಿ, ಕಂಕುಳಿನ ಮಟ್ಟಕ್ಕೆ ಅಡ್ಡ ಗೆರೆ ಎಳೆದು, ಮೇಲಿನ ಗುಂಡು ಭಾಗ ತೆಗೆದುಬಿಡಿ. ಈಗ ಒಂದು ಕೊಳವೆ ಸಿಕ್ಕಿತು. ಹಳೇ ಪ್ಯಾಂಟಿನಲ್ಲಿ ಸೊಂಟದಿಂದ ಕಾಲು ಕೂಡುವ ಜಾಗಕ್ಕೆ ಎಷ್ಟಿದೆ ಅಳೆಯಿರಿ. ಅದಕ್ಕೆ ಎಲಾಸ್ಟಿಕ್ ಮಡಿಕೆಗೆಂದು ಒಂದೂವರೆ ಇಂಚು ಸೇರಿಸಿ. ತೋಳಿನ ಕೆಳಹೊಲಿಗೆಯನ್ನು ಮೇಲಿಂದ ಅಷ್ಟು ಉದ್ದ ಬಿಚ್ಚಿ, ಬಿಚ್ಚಿದ ಎರಡೂ ಅಂಚಿಗೆ ಜಿಗ್‌ಜಾಗ್ ಹಾಕಿ. ಎರಡೂ ತೋಳಿಗೆ ಹೀಗೇ ಮಾಡಿ. ಬಿಚ್ಚಿದ ಕಡೆ ತೋಳು ಅಡ್ಡಕ್ಕೆ ಎಷ್ಟು ಅಗಲ ಇರಬೇಕು? ಮಗುವಿನ ಸೀಟಿನ, ಅಂದರೆ ಕುಂಡಿಯ, ಸುತ್ತಳತೆಗೆ 4 ಇಂಚು ಸೇರಿಸಿ, ಎರಡರಿಂದ ಭಾಗಿಸಿ, ಹೊಲಿಗೆಗೆ 1 ಇಂಚು ಕೂಡಿಸಿ. ಸೀಟು 19 ಇಂಚು ಇರುವ ಮಗುವಿಗೆ ಪ್ರತಿ ತೋಳೂ ಹನ್ನೆರಡೂವರೆ. ಗಂಡಸರ ತೋಳು ಇದಕ್ಕಿಂತ ಅಗಲವೇ ಇರುತ್ತದೆ, ಮಿಕ್ಕದ್ದನ್ನು 6ನೇ ಹಂತದ ಹಾಗೆ ಹೊಲಿದು ಎರಡೂ ಅಂಚಿನಿಂದ ಸಮ ಸಮ ತೆಗೆಯಿರಿ.

ಈಗ ಒಂದು ತೋಳನ್ನು ಹೊರಮೈ ಮಾಡಿ, ಇನ್ನೊಂದು ಒಳಮೈಯಾಗೇ ಇರಲಿ. ಹೊರಮೈ ಇರುವುದನ್ನು ಇನ್ನೊಂದರ ಒಳಗೆ ತೂರಿಸಿ. ಎರಡರ ಚೆಂದದ ಮುಖ ಒಂದಕ್ಕೊಂದು ಅಂಟಿಕೊಂಡಿರಬೇಕು. ಕಾಲು ಕೂಡುವ ಜಾಗದ ಹೊಲಿಗೆಗಳನ್ನು ಎದುರುಬದುರು ಇಟ್ಟು ಮೊದಲು ಅಲ್ಲಿ ಪಿನ್ ಹಾಕಿ, ಆಮೇಲೆ ಮುಂದೆ, ಹಿಂದೆ. ಒಂದು ಸೊಂಟದ ಅಂಚಿಂದ ಇನ್ನೊಂದು ಸೊಂಟದ ಅಂಚಿನವರೆಗೆ "U" ಆಕಾರದಲ್ಲಿ ಹೊಲಿಯಿರಿ. ಕಾಲು ಕೂಡುವ ಜಾಗಕ್ಕೆ ಎರಡು ಸಲ. ಮಗು ಅಂಬೆಗಾಲು ಇಟ್ಟರೆ ಮೊದಲು ಬಿಟ್ಟುಕೊಳ್ಳುವುದು ಅದೇ. ಒಳಗಿನ ತೋಳನ್ನು ಹೊರಗೆಳೆದರೆ ಪ್ಯಾಂಟು!

ಸೊಂಟದ ಅಂಚನ್ನು ಒಂದೂವರೆ ಇಂಚು ಒಳಕ್ಕೆ ಮಡಿಚಿ ಜಿಗ್‌ಜಾಗ್‌ನಲ್ಲಿ ಹೊಲಿಯಿರಿ, ಎರಡು ಇಂಚು ಬಾಯಿ ಬಿಡಿ. ಮಗುವಿನ ಸೊಂಟಕ್ಕಿಂತ 1 ಇಂಚು ಕಡಿಮೆ ಎಲಾಸ್ಟಿಕ್ ತೆಗೆದುಕೊಂಡು ಪಿನ್ನಿನಿಂದ ತೂರಿಸಿ, ತುದಿ ಜೋಡಿಸಿ, ಬಾಯಿ ಮುಚ್ಚಿ.

ಒಂದೂವರೆ ವರ್ಷದ ಆಚೆಗಿನ ಮಗುವಾದರೆ ತೋಳಿನ ಉದ್ದ ಸಾಲದೆ ಹೋಗಬಹುದು. ಆಗ ಸ್ವೆಟರ್‌ನ ಎದೆ ಭಾಗದಿಂದ ನಾಲ್ಕೈದು ಇಂಚಿನ ಪಟ್ಟಿ ತೆಗೆದು ಸೊಂಟಕ್ಕೆ ಜೋಡಿಸಿ, ಅದರಲ್ಲಿ ಎಲಾಸ್ಟಿಕ್ ಮಡಿಕೆ ಮಾಡಿ.

8. ತೋಳಿಲ್ಲದ ಸ್ವೆಟರ್

ಉಳಿದ ಮೈ ಭಾಗದಿಂದ ಇದು ಬರುತ್ತದೆ. ಮಗುವಿಗೆ ಸ್ವಲ್ಪ ಸಡಿಲ ಇರುವ ಟೀ ಶರ್ಟನ್ನು ಸ್ವೆಟರ್ ಮೇಲೆ ಇಡಿ. ಟೀ ಶರ್ಟಿನ ಕೆಳ ಅಂಚು, ಸ್ವೆಟರ್‌ನ ಕೆಳ ರಿಬ್ಬಿನ ಅಂಚು ಒಂದೇ ಮಟ್ಟ ಇರಲಿ. ಮುಂಭಾಗ ಹಿಂಭಾಗ ಬೇರೆ ಬೇರೆ ಗೆರೆ ಎಳೆದು, 6ನೇ ಹಂತದ ಹಾಗೆ ಹೊಲಿದು ಕತ್ತರಿಸಿ. ಭುಜದ ಹೊಲಿಗೆ ಹಾಕುವಾಗ ನಡುವೆ ಅರ್ಧ ಇಂಚು ಅಗಲದ ಫಾಲ್ ಪಟ್ಟಿ ಇಟ್ಟು ಸೇರಿಸಿ ಹೊಲಿಯಿರಿ. ಇಲ್ಲದಿದ್ದರೆ ಭುಜ ನಾಲ್ಕು ದಿನಕ್ಕೆ ಜಗ್ಗಿ ತೋಳಿಗೆ ಇಳಿಯುತ್ತದೆ. ಕಂಕುಳಿನ ಅಂಚಿಗೆ ಫಾಲ್ ಬಟ್ಟೆಯ ಕ್ರಾಸ್ ಪಟ್ಟಿ, ಅಂದರೆ ಓರೆಯಾಗಿ ಕತ್ತರಿಸಿದ ಪಟ್ಟಿ, ಹಚ್ಚಿ ಒಳಕ್ಕೆ ತಿರುಗಿಸಿ ಕೈಯಲ್ಲಿ ಹೆಮ್ಮಿಂಗ್ ಮಾಡಿ.

ಕತ್ತಿಗೆ ತೆಗೆದಿಟ್ಟ ರಿಬ್. ಕತ್ತಿನ ತೂತನ್ನು ಟೇಪಿನಲ್ಲಿ ಸುತ್ತ ಅಳೆದು, 16 ಇಂಚು ಬಂದರೆ ರಿಬ್ 13 ಇಂಚು ಸಾಕು. ಚಿಕ್ಕದಾಗಿರುವ ರಿಬ್ಬನ್ನು ಎಳೆದು ಹೊಲಿದರೇ ಕತ್ತು ಮೈಗೆ ಅಂಟಿ ಕೂರುವುದು. ಸಮ ಅಳತೆಗೆ ಹೊಲಿದರೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಆದರೆ ಹೊಲಿಯುವ ಮೊದಲು ರಿಬ್ಬಿನ ತುದಿಗಳನ್ನು ಕೈಯಲ್ಲಿ ಹಿಡಿದು ಮಗುವಿನ ತಲೆಯ ಸುತ್ತ ಎಳೆದು ನೋಡಿ. ಚಿಕ್ಕ ಮಕ್ಕಳಿಗೆ ಮೈಯ ಅಳತೆಗೆ ಹೋಲಿಸಿದರೆ ತಲೆ ದೊಡ್ಡದು. ಎರಡು ವರ್ಷದ ಮಗುವಿನ ತಲೆ ಸುಮಾರು 19 ಇಂಚು ಇರುತ್ತದೆ. ಅಷ್ಟು ಹಿಗ್ಗದಿದ್ದರೆ ಒಂದು ಭುಜವನ್ನು ಹೊಲಿಯದೆ ಬಿಟ್ಟು ಟಿಚ್ ಬಟನ್ ಹಾಕಿ. ಅದನ್ನು ಗಟ್ಟಿಯಾಗಿ ಹೊಲಿಯಿರಿ, ಕಿತ್ತುಬಂದರೆ ಮಗುವಿನ ಬಾಯಿಗೇ ಹೋಗುತ್ತದೆ. ಕತ್ತಿಗೆ ಕಟ್ಟುವ ದಾರ, ಲಾಡಿ ಬೇಡವೇ ಬೇಡ.

9. ಅಜ್ಜಿಗೆ ಮುಂದೆ ತೆರೆಯುವ ಸ್ವೆಟರ್

ಕೈ ಮೇಲೆತ್ತಿ ತಲೆಯಿಂದ ಹಾಕಿಕೊಳ್ಳುವುದು ವಯಸ್ಸಾದವರಿಗೆ ಕಷ್ಟ. ಸೀರೆ ಉಟ್ಟವರಿಗಂತೂ ಸೆರಗು, ತುರುಬು ಎಲ್ಲ ಕೆದರುತ್ತದೆ. ಮೊಮ್ಮಗನ ಒಳ್ಳೆಯ ಸ್ವೆಟರ್ ಟ್ರಂಕಿನಲ್ಲಿದ್ದರೂ ಅಜ್ಜಿ ಟವೆಲ್ ಸುತ್ತಿಕೊಂಡು ಓಡಾಡುವುದು ಇದಕ್ಕೇ.

ಸ್ವೆಟರನ್ನು ಎಡ ಬಲ ಸೇರಿಸಿ ಮಡಿಚಿ ಮುಂಭಾಗದ ನಡು ಕಂಡುಹಿಡಿಯಿರಿ. ಅಲ್ಲಿರುವ ಒಂದು ಕಂಬಿಯ ಮೇಲೆ, ಕತ್ತಿನಿಂದ ಕೆಳಗಿನವರೆಗೆ, ಎದ್ದು ಕಾಣುವ ಬಣ್ಣದ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ. ಚಾಕ್‌ಪೀಸಿನ ಗೆರೆ ಇಲ್ಲಿ ನಂಬಬೇಡಿ, ಒಂದು ಕಂಬಿ ತಪ್ಪಿದರೂ ಕೆಳಗೆ ಹೋಗುವಷ್ಟರಲ್ಲಿ ಸೊಟ್ಟ ಕಾಣುತ್ತದೆ. ಆ ದಾರದ ಎಡಕ್ಕೆ ಕಾಲಿಂಚು ಬಿಟ್ಟು ಎರಡು ಸಾಲು ಹೊಲಿಗೆ, ಬಲಕ್ಕೆ ಕಾಲಿಂಚು ಬಿಟ್ಟು ಎರಡು ಸಾಲು. ಹಿಂದಿನ ಭಾಗ ಸೇರಿಕೊಳ್ಳದ ಹಾಗೆ ಒಳಗೆ ಒಂದು ರಟ್ಟು ಇಟ್ಟು ಪಿನ್ ಹಾಕಿಕೊಂಡು, ಹೊಲಿಯುವಾಗ ರಟ್ಟು ತೆಗೆಯಿರಿ. ನಾಲ್ಕೂ ಸಾಲು ಬಿದ್ದ ಮೇಲೆ ನಡುವಿನ ದಾರದ ಗುಂಟ ಕತ್ತರಿಸಿ. ಮೊದಲ ಸಲ ಕೈ ನಡುಗುತ್ತದೆ. ಏನೂ ಆಗುವುದಿಲ್ಲ.

ಈಗ ಎರಡೂ ಅಂಚಿಗೆ ಎರಡು ಇಂಚು ಅಗಲದ ಫಾಲ್ ಪಟ್ಟಿ. ಹೊರಮೈಗೆ ಹಚ್ಚಿ ಹೊಲಿದು, ಒಳಕ್ಕೆ ತಿರುಗಿಸಿ, ಕಚ್ಚಾ ಅಂಚನ್ನು ಮುಚ್ಚಿ ಕೈಯಲ್ಲಿ ಹೆಮ್ಮಿಂಗ್. ಹಚ್ಚುವಾಗ ಸ್ವೆಟರನ್ನು ಹರಡಿಯೇ ಅಳೆಯಿರಿ, ನೇತು ಹಿಡಿದು ಅಳೆದರೆ ಪಟ್ಟಿ ಉದ್ದವಾಗಿ ಮುಂಭಾಗ ಜೋತುಬೀಳುತ್ತದೆ.

ನಡುವೆ ಸೀಳಿದ್ದರಿಂದ ಎರಡೂ ಅಂಚು ಎದುರುಬದುರು ಕೂಡುತ್ತವೆ, ಒಂದರ ಮೇಲೊಂದು ಬರುವುದಿಲ್ಲ. ಹಾಗಾಗಿ ಗುಂಡಿ-ಕಾಜಾ ಬೇಡ. ರವಿಕೆಗೆ ಹಾಕುವ ಹುಕ್ಕನ್ನು ಒಂದು ಕಡೆ, ದಾರದ ಕುಣಿಕೆಯನ್ನು ಇನ್ನೊಂದು ಕಡೆ, ಎರಡೂವರೆ ಇಂಚಿಗೆ ಒಂದರಂತೆ ಹಾಕಿ. ಅಜ್ಜಿಯರ ಬೆರಳಿಗೆ ಹುಕ್ಕು ಅಭ್ಯಾಸ ಇರುತ್ತದೆ. ಗುಂಡಿಯೇ ಬೇಕು ಎಂದರೆ ಇನ್ನೊಂದು ಸ್ವೆಟರ್‌ನ ಕೆಳ ರಿಬ್ಬನ್ನು ಒಂದು ಅಂಚಿಗೆ ಪಟ್ಟಿಯಾಗಿ ಜೋಡಿಸಬೇಕು.

ಗಂಡಸರ ಸ್ವೆಟರ್‌ನ ಕೆಳ ರಿಬ್ ಸೀರೆಯ ನೆರಿಗೆ ಮೇಲೆ ನಿಲ್ಲದೆ ಮೇಲಕ್ಕೆ ಸುರುಳಿ ಸುತ್ತುತ್ತದೆ. ಎರಡೂ ಪಕ್ಕದ ಹೊಲಿಗೆಯನ್ನು ಕೆಳಗಿಂದ 4 ಇಂಚು ಬಿಚ್ಚಿ ಅಂಚು ಕಟ್ಟಿದರೆ ಸರಿಹೋಗುತ್ತದೆ. ತೋಳು ಉದ್ದ ಇದ್ದರೆ ಭುಜದ ಹೊಲಿಗೆ ಬಿಚ್ಚಿ ಮೇಲಿಂದ ಕಡಿಮೆ ಮಾಡಿ. ತೆಗೆದ ತೋಳಿನ ಗುಂಡು ಭಾಗವನ್ನೇ ಕೆಳಗೆ ಇಟ್ಟು ಅದೇ ಆಕಾರ ಎಳೆದುಕೊಳ್ಳಿ. ಒಂದು ಜೇಬು ಮರೆಯಬೇಡಿ. ಎಲೆ ಅಡಿಕೆ ಸಂಚಿ ಹಿಡಿಸುವಷ್ಟು ದೊಡ್ಡದಿರಲಿ.

10. ಇಸ್ತ್ರಿ ಮತ್ತು ಆಮೇಲೆ

ಹೊಲಿಗೆ ಸ್ವಲ್ಪ ಅಲೆ ಎದ್ದಿದ್ದರೆ, ಉಣ್ಣೆಯಾದರೆ ಒದ್ದೆ ಬಟ್ಟೆ ಮೇಲಿಟ್ಟು ಇಸ್ತ್ರಿ ಪೆಟ್ಟಿಗೆಯನ್ನು ಎಳೆಯದೆ, ಒತ್ತಿ ಎತ್ತಿ, ಒತ್ತಿ ಎತ್ತಿ ಮಾಡಿ. ಕುಗ್ಗಿ ಕೂರುತ್ತದೆ. ಅಕ್ರಿಲಿಕ್‌ಗೆ ಬಿಸಿ ಪೆಟ್ಟಿಗೆ ತಾಗಿಸಲೇಬೇಡಿ. ಒಮ್ಮೆ ಬಿಸಿ ತಾಗಿದರೆ ರಿಬ್ಬಿನ ಹಿಗ್ಗು-ಕುಗ್ಗು ಸತ್ತುಹೋಗುತ್ತದೆ, ಹೊಳಪು ಬಂದು ಚಪ್ಪಟೆಯಾಗುತ್ತದೆ, ಸರಿ ಮಾಡಲಾಗುವುದಿಲ್ಲ. ತಣ್ಣೀರು ಚಿಮುಕಿಸಿ, ಕೈಯಲ್ಲಿ ತಟ್ಟಿ ಆಕಾರ ಮಾಡಿ ಒಣಗಿಸಿದರೆ ಸಾಕು.

ಅಕ್ರಿಲಿಕ್ ಹಾಕಿದ ಮಗುವನ್ನು ಬೆಳಗ್ಗೆ ಚಳಿ ಕಾಯಿಸುವ ಬೆಂಕಿಯ ಹತ್ತಿರ, ಬಚ್ಚಲ ಒಲೆಯ ಹತ್ತಿರ ಬಿಡಬೇಡಿ. ಸುಟ್ಟು ನೋಡಿದಾಗ ಹೇಗೆ ಕರಗಿತ್ತು, ನೋಡಿದ್ದೀರಲ್ಲ.

ಮೊದಲೆರಡು ಒಗೆತ ಆದ ಮೇಲೆ ಒಳಮೈ ತಿರುಗಿಸಿ ಒಂದು ಸಲ ನೋಡಿ. ಎಲ್ಲಾದರೂ ಕುಣಿಕೆ ಬಿಟ್ಟುಕೊಂಡಿದ್ದರೆ ಕ್ರೋಶಾ ಕಡ್ಡಿಯಿಂದ ಆ ಕುಣಿಕೆ ಹಿಡಿದು, ಏಣಿಯ ಒಂದೊಂದೇ ಮೆಟ್ಟಿಲನ್ನು ಅದರೊಳಗೆ ಎಳೆಯುತ್ತಾ ಮೇಲೆ ಹತ್ತಿ, ತುದಿಯಲ್ಲಿ ದಾರದಿಂದ ಕಟ್ಟಿಬಿಡಿ. ಉಳಿದ ಚೂರುಗಳನ್ನು ಎಸೆಯಬೇಡಿ. ಸಣ್ಣಗೆ ಕತ್ತರಿಸಿ ದಿಂಬಿಗೆ ತುಂಬಬಹುದು. ರಿಬ್ ಚೂರುಗಳನ್ನು ಮಾತ್ರ ಬೇರೆ ಕಟ್ಟಿಡಿ, ಮುಂದಿನ ಸ್ವೆಟರ್‌ನ ಕತ್ತಿಗೆ ಬೇಕಾಗುತ್ತವೆ.